ಗೋಡೆಯ ಬೂಷ್ಟು, ಮಗುವಿನ ಕೆಮ್ಮು: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಗೋಡೆಗೆ ಬೂಷ್ಟು ಹಿಡಿದಿದೆ, ಮಗುವಿನ ಕೆಮ್ಮು ವಾರಗಟ್ಟಲೆ ಬಿಟ್ಟಿಲ್ಲ ಎಂಬ ಎರಡು ಸಂಗತಿಗಳು ಒಂದೇ ಮನೆಯಲ್ಲಿ ಕಂಡಾಗ ಮನಸ್ಸು ತಕ್ಷಣ ಅವೆರಡಕ್ಕೂ ಗಂಟು ಹಾಕಿಬಿಡುತ್ತದೆ. ಎಷ್ಟೋ ಬಾರಿ ಆ ಗಂಟು ಸರಿಯಾಗಿಯೇ ಇರುತ್ತದೆ. ಒದ್ದೆಯಾದ, ಬೂಷ್ಟು ಹಿಡಿದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ಆದರೆ ಗಾಳಿಯಲ್ಲಿ ಇಂತಿಷ್ಟು ಬೂಷ್ಟಿನ ಕಣಗಳಿದ್ದರೆ ಅಪಾಯ, ಅದಕ್ಕಿಂತ ಕಡಿಮೆಯಿದ್ದರೆ ಕ್ಷೇಮ ಎಂಬ ಅಳತೆಯನ್ನು ಅದು ಕೊಟ್ಟಿಲ್ಲ. ಮನೆಯೊಳಗೆ ತೇವ ನಿಲ್ಲದಂತೆ ನೋಡಿಕೊಳ್ಳಬೇಕೆಂಬುದೇ ಅದರ ಮುಖ್ಯ ಸಲಹೆ. ಈ ಕೈಪಿಡಿಯೂ ಬೂಷ್ಟಿಗಿಂತ ಹೆಚ್ಚಾಗಿ ನೀರನ್ನು ಹುಡುಕುತ್ತದೆ. ಮಗುವಿನ ಲಕ್ಷಣ ಮತ್ತು ಗೋಡೆಯ ಕಲೆ ಇವೆರಡನ್ನೂ ಮೊದಲು ಬೇರೆಬೇರೆಯಾಗಿಯೇ ಪರೀಕ್ಷಿಸಿ, ಆಮೇಲೆ ಒಂದರ ಪಕ್ಕ ಒಂದನ್ನಿಟ್ಟು ನೋಡುವುದು ಇಲ್ಲಿನ ಕ್ರಮ.

ಎಲ್ಲಕ್ಕಿಂತ ಮೊದಲು: ಮಗುವಿನ ಉಸಿರು ಹೇಗಿದೆ?

ಗೋಡೆಯ ಕೆಲಸವನ್ನು ನಾಳೆಗೆ ಮುಂದೂಡಬಹುದು, ಈ ಲಕ್ಷಣಗಳನ್ನು ಮಾತ್ರ ಮುಂದೂಡುವಂತಿಲ್ಲ. ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ ಅಥವಾ ಎದೆಯ ಕೆಳಭಾಗದಲ್ಲಿ ಗುಳಿ ಬೀಳುವುದು, ಮೂಗಿನ ಹೊಳ್ಳೆಗಳು ಅರಳುವುದು, ತುಟಿ ಅಥವಾ ನಾಲಿಗೆ ನೀಲಿಗಟ್ಟುವುದು, ಒಂದು ವಾಕ್ಯ ಮುಗಿಸಲೂ ಉಸಿರು ಸಾಲದಿರುವುದು, ಹಾಲು ಕುಡಿಯಲಾಗದಷ್ಟು ಏದುಸಿರು, ಎಬ್ಬಿಸಿದರೂ ಏಳದಂಥ ಮಂಪರು, ಕೆಮ್ಮಿನಲ್ಲಿ ರಕ್ತ, ಇವುಗಳಲ್ಲಿ ಯಾವುದೊಂದು ಕಂಡರೂ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.

ಅನುಮಾನವಿದ್ದರೆ, ಮಗು ಅಳದೆ ಶಾಂತವಾಗಿರುವಾಗ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿನಲ್ಲಿ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ಅದನ್ನು ವೇಗದ ಉಸಿರಾಟವೆಂದು ಪರಿಗಣಿಸುತ್ತಾರೆ. ಇದಕ್ಕೆ ಕಾರಣ ಬೂಷ್ಟೇ ಇರಬಹುದು, ನ್ಯುಮೋನಿಯಾವೂ ಇರಬಹುದು. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ಅದೂ ಅದೇ ದಿನ.

ಲಕ್ಷಣ: ಮನೆಯಲ್ಲಿದ್ದಾಗ ಕೆಮ್ಮು, ಹೊರಗಿದ್ದಾಗ ಗೆಲುವು

ಎಲ್ಲಕ್ಕಿಂತ ಅಗ್ಗದ ಉಪಕರಣ ಒಂದು ನೋಟುಪುಸ್ತಕ. ಎರಡು ವಾರಗಳ ಕಾಲ ಪ್ರತಿದಿನ ನಾಲ್ಕು ಸಂಗತಿಗಳನ್ನು ಬರೆದಿಡಿ: ಮಗು ಯಾವ ಕೋಣೆಯಲ್ಲಿ ಮಲಗಿತು, ರಾತ್ರಿ ಎಷ್ಟು ಬಾರಿ ಕೆಮ್ಮಿ ಎದ್ದಿತು, ಬೆಳಿಗ್ಗೆ ಎದ್ದಾಗ ಸೀನು, ಮೂಗು ಕಟ್ಟುವಿಕೆ ಅಥವಾ ಕಣ್ಣಿನ ತುರಿಕೆ ಇತ್ತೇ, ಹಗಲು ಮನೆಯಿಂದ ಹೊರಗೆ ಎಷ್ಟು ಹೊತ್ತು ಕಳೆಯಿತು. ನಡುವೆ ಎರಡು ರಾತ್ರಿ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ ವ್ಯತ್ಯಾಸ ಕಾಣುತ್ತದೆಯೇ ನೋಡಿ.

ಈ ಟಿಪ್ಪಣಿಗಳನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು. ಜ್ವರದೊಂದಿಗೆ ಶುರುವಾಗಿ ಹತ್ತು ಹದಿನೈದು ದಿನಗಳಲ್ಲಿ ಇಳಿಮುಖವಾಗುವ ಕೆಮ್ಮು ಸಾಮಾನ್ಯವಾಗಿ ವೈರಾಣುವಿನದು. ಜ್ವರವಿಲ್ಲದೆ, ನೀರಿನಂಥ ಸಿಂಬಳ, ಸಾಲುಸಾಲು ಸೀನು, ಕಣ್ಣು ಮೂಗಿನ ತುರಿಕೆಯೊಂದಿಗೆ ವಾರಗಟ್ಟಲೆ ಎಳೆಯುವುದು ಅಲರ್ಜಿಯ ಗುರುತು. ಉಸಿರು ಬಿಡುವಾಗ ಎದೆಯಲ್ಲಿ ಸಿಳ್ಳಿನಂಥ ಸದ್ದು, ನಸುಕಿನಲ್ಲಿ ಹೆಚ್ಚುವ ಕೆಮ್ಮು, ಓಡಿದಾಗ ಬರುವ ಉಬ್ಬಸ ಇವು ಆಸ್ತಮಾದತ್ತ ಬೆರಳು ಮಾಡುತ್ತವೆ. ಮನೆಯಿಂದ ದೂರವಿದ್ದಾಗ ಮಗು ಗೆಲುವಾಗಿರುತ್ತದೆ ಎಂದಮಾತ್ರಕ್ಕೆ ಬೂಷ್ಟೇ ಅಪರಾಧಿ ಎನ್ನುವಂತಿಲ್ಲ. ಹಾಸಿಗೆಯ ಧೂಳುಹುಳು, ಜಿರಲೆ, ಸಾಕುಪ್ರಾಣಿಯ ಕೂದಲು, ಬೀಡಿ ಸಿಗರೇಟಿನ ಹೊಗೆ, ಸೊಳ್ಳೆಬತ್ತಿಯ ಹೊಗೆ ಇವೂ ಮನೆಯೊಳಗಿನವೇ. ಇವುಗಳಲ್ಲಿ ಧೂಳುಹುಳು ಬೂಷ್ಟಿನಂತೆಯೇ ತೇವವನ್ನು ನೆಚ್ಚಿಕೊಂಡ ಜೀವಿಯಾದ್ದರಿಂದ, ಮನೆಯನ್ನು ಒಣಗಿಸಿದರೆ ಎರಡೂ ಒಟ್ಟಿಗೆ ಕಡಿಮೆಯಾಗುತ್ತವೆ. ತೇವದ ಬೆನ್ನು ಹತ್ತುವುದರಲ್ಲಿ ನಷ್ಟವಿಲ್ಲ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೂ ಹೌದು.

ಲಕ್ಷಣ: ಗೋಡೆಯಲ್ಲಿ ಕಲೆಯಿದೆ, ಬೂಷ್ಟೋ ಬೇರೇನೋ ತಿಳಿಯದು

ಬಿಳಿಯ ಪುಡಿಯಂಥದ್ದು ಕಂಡರೆ ಅದನ್ನು ಒಂದು ಚಮಚ ನೀರಿಗೆ ಕೆರೆದು ಹಾಕಿ. ಕರಗಿಹೋದರೆ ಅದು ಗೋಡೆ ಬಿಟ್ಟಿರುವ ಉಪ್ಪು. ಇಟ್ಟಿಗೆ, ಗಾರೆಗಳಲ್ಲಿರುವ ಲವಣವನ್ನು ನೀರು ಹೊತ್ತು ತಂದು ಮೇಲೆ ಬಿಟ್ಟು ತಾನು ಆವಿಯಾಗಿರುತ್ತದೆ. ಉಪ್ಪು ಮಗುವಿನ ಶ್ವಾಸಕ್ಕೆ ಬೂಷ್ಟಿನಷ್ಟು ತೊಂದರೆ ಕೊಡುವುದಿಲ್ಲವಾದರೂ ಗೋಡೆಯೊಳಗೆ ನೀರು ಓಡಾಡುತ್ತಿದೆ ಎಂಬ ಸುದ್ದಿಯನ್ನಂತೂ ಕೊಡುತ್ತದೆ. ಕರಗದೆ ನಯವಾದ ಎಳೆಗಳಂತೆ ಉಳಿದರೆ ಅದು ಬೂಷ್ಟು.

ಕಪ್ಪು ಕಲೆಯಾದರೆ ಕೈಗವಸು ತೊಟ್ಟು, ನೀರು ಬೆರೆಸಿದ ಬ್ಲೀಚನ್ನು ಹತ್ತಿಯಲ್ಲಿ ಅದ್ದಿ ಒಂದು ಚುಕ್ಕೆಯಷ್ಟು ಮುಟ್ಟಿಸಿ. ಒಂದೆರಡು ನಿಮಿಷದಲ್ಲಿ ಬಣ್ಣ ತಿಳಿಯಾದರೆ ಬೂಷ್ಟಿರುವ ಸಂಭವ ಹೆಚ್ಚು. ಹಾಗೆಯೇ ಉಳಿದರೆ ಮಸಿ ಅಥವಾ ಕೊಳೆ.

ಬಣ್ಣ ನೋಡಿ ಜಾತಿ ಹೇಳಲು ಹೋಗಬೇಡಿ. ಮನೆಯೊಳಗೆ ಸಾಮಾನ್ಯವಾಗಿ ಬೆಳೆಯುವ ಕ್ಲಾಡೋಸ್ಪೋರಿಯಂ, ಪೆನಿಸಿಲಿಯಂ, ಆಸ್ಪರ್ಜಿಲಸ್, ಆಲ್ಟರ್ನೇರಿಯಾಗಳಲ್ಲಿ ಕಪ್ಪು, ಹಸಿರು, ಬೂದು ಎಲ್ಲವೂ ಉಂಟು. ‘ವಿಷದ ಕಪ್ಪು ಬೂಷ್ಟು’ ಎಂದು ಹೆಸರುವಾಸಿಯಾದ ಸ್ಟ್ಯಾಕಿಬಾಟ್ರಿಸ್ ಕಥೆ ಸ್ವಲ್ಪ ಬೇರೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1993–94ರ ಸುಮಾರಿಗೆ ಕೆಲವು ಹಸುಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ ಈ ಬೂಷ್ಟಿನ ಮೇಲೆ ಸಂಶಯ ಬಿತ್ತು. ಆದರೆ ಆ ದೇಶದ ರೋಗ ನಿಯಂತ್ರಣ ಕೇಂದ್ರವು ದಾಖಲೆಗಳನ್ನು ಮರುಪರಿಶೀಲಿಸಿ, ಆ ಸಂಬಂಧ ಸಾಬೀತಾಗಿಲ್ಲವೆಂದು 2000ದಲ್ಲಿ ಪ್ರಕಟಿಸಿತು. ಹೆಸರು ಮಾತ್ರ ಜನರ ಬಾಯಲ್ಲಿ ಉಳಿದುಕೊಂಡಿತು. ಯಾವ ಬಣ್ಣದ ಬೂಷ್ಟಾದರೂ ಅಲರ್ಜಿಯಿರುವ ಮಗುವಿಗೆ ತೊಂದರೆಯೇ, ಯಾವುದಾದರೂ ತೆಗೆಯಬೇಕಾದದ್ದೇ. ಆದ್ದರಿಂದ ಜಾತಿ ಪತ್ತೆಗೆ ಪ್ರಯೋಗಾಲಯಕ್ಕೆ ಕೊಡುವ ಹಣವನ್ನು ಸೋರಿಕೆ ನಿಲ್ಲಿಸಲು ಬಳಸುವುದು ಮೇಲು.

ಲಕ್ಷಣ: ಬೀರುವಿನ ಹಿಂದೆ, ಮೂಲೆಗಳಲ್ಲಿ, ಕಿಟಕಿಯ ಸುತ್ತ ಚುಕ್ಕೆಚುಕ್ಕೆಯಾಗಿ ಹಬ್ಬಿದೆ

ಇದು ಗೋಡೆ ಬೆವರುವುದರ ಗುರುತು. ಗಾಳಿಯಲ್ಲಿರುವ ನೀರಾವಿ ತಣ್ಣನೆಯ ಮೇಲ್ಮೈಗೆ ತಾಗಿದಾಗ ಹನಿಗಟ್ಟುತ್ತದೆ. ಕೋಣೆಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 70 ಇದ್ದರೆ, ಸುಮಾರು 19 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಜಾಗದಲ್ಲಿ ಹನಿ ಕೂರುತ್ತದೆ. ಬೂಷ್ಟಿಗೆ ಕಣ್ಣಿಗೆ ಕಾಣುವ ಹನಿಯೇ ಬೇಕೆಂದಿಲ್ಲ. ಗೋಡೆಗೆ ಅಂಟಿದ ಗಾಳಿಯ ತೇವಾಂಶ ಶೇ 80ರ ಆಸುಪಾಸಿನಲ್ಲಿ ದಿನಗಟ್ಟಲೆ ನಿಂತರೂ ಅದಕ್ಕೆ ಸಾಕು. ಗಾಳಿಯಾಡದ ಬೀರುವಿನ ಹಿಂಭಾಗ, ಹೊರಗೋಡೆಗೆ ಒತ್ತಿಟ್ಟ ಹಾಸಿಗೆ, ಏಸಿ ಕೋಣೆಯ ಪಕ್ಕದ ಗೋಡೆ ಇಂಥ ಜಾಗಗಳು.

ಒಂದು ತೇವಾಂಶ ಮಾಪಕ, ಅಂದರೆ ಹೈಗ್ರೋಮೀಟರ್, ತಂದು ಮಗು ಮಲಗುವ ಕೋಣೆಯಲ್ಲಿಡಿ. ಅದು ತುಂಬ ದುಬಾರಿ ಸಾಧನವಲ್ಲ. ತೇವಾಂಶ ಶೇ 30ರಿಂದ 50ರೊಳಗಿದ್ದರೆ ಒಳ್ಳೆಯದು, 60 ದಾಟದಂತಿರಬೇಕು. ಸ್ನಾನ, ಅಡುಗೆ, ಬಟ್ಟೆ ಒಣಹಾಕುವುದು, ರಾತ್ರಿ ಬಾಗಿಲು ಮುಚ್ಚಿ ಎಲ್ಲರೂ ಮಲಗುವುದು, ಇವುಗಳಲ್ಲಿ ಯಾವುದರ ನಂತರ ಮುಳ್ಳು ಏರುತ್ತದೆ ಎಂದು ಗಮನಿಸಿದರೆ ನೀರಿನ ಮೂಲ ತಾನಾಗಿ ಗೊತ್ತಾಗುತ್ತದೆ. ಕೋಣೆಯೊಳಗೆ ಒಣಹಾಕಿದ ಬಟ್ಟೆಯ ಪಾಲನ್ನು ಬಹಳ ಮಂದಿ ನಂಬುವುದಿಲ್ಲ. ಹಿಂಡಿದ ಬಟ್ಟೆಯ ಬುಟ್ಟಿಯನ್ನು ತೂಗಿ, ಒಣಗಿದ ಮೇಲೆ ಮತ್ತೆ ತೂಗಿ ನೋಡಲಿ. ಎಷ್ಟು ಕಿಲೋ ಕಡಿಮೆಯಾಯಿತೋ ಅಷ್ಟು ಲೀಟರ್ ನೀರು ಆ ಕೋಣೆಯ ಗಾಳಿಗೆ ಸೇರಿತು ಎಂದೇ ಅರ್ಥ. ನೀರಿನಿಂದ ತಂಪು ಮಾಡುವ ಕೂಲರ್, ಹೊಗೆಕೊಳವೆಯಿಲ್ಲದ ಗ್ಯಾಸ್ ಹೀಟರ್ ಇವೂ ಗಾಳಿಗೆ ನೀರಾವಿ ಸೇರಿಸುತ್ತವೆ.

ಪರಿಹಾರ ಇಲ್ಲಿ ಸುಲಭ. ಬೀರು, ಮಂಚಗಳನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಬೇಕು, ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನನ್ನು ಸ್ನಾನ ಮುಗಿದ ಮೇಲೂ ಸ್ವಲ್ಪ ಹೊತ್ತು ಓಡಿಸಬೇಕು, ಬಟ್ಟೆಯನ್ನು ಹೊರಗೆ ಒಣಗಿಸಬೇಕು, ದಿನಕ್ಕೆರಡು ಸಲ ಎದುರುಬದುರು ಕಿಟಕಿಗಳನ್ನು ತೆರೆಯಬೇಕು. ಮಳೆ ಹಿಡಿದಿರುವಾಗ ಮಾತ್ರ ಕಿಟಕಿಯ ಲೆಕ್ಕ ತಲೆಕೆಳಗಾಗಬಹುದು, ಏಕೆಂದರೆ ಆಗ ಹೊರಗಿನ ಗಾಳಿಯೇ ಒಳಗಿನದಕ್ಕಿಂತ ಹೆಚ್ಚು ನೀರು ಹೊತ್ತಿರುತ್ತದೆ. ಮಾಪಕದ ಮುಳ್ಳು ಏರುತ್ತಿದ್ದರೆ ಕಿಟಕಿ ಮುಚ್ಚಿ ಫ್ಯಾನ್ ಅಥವಾ ಗಾಳಿಯ ತೇವ ಹೀರುವ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್, ಬಳಸುವುದು ಸರಿ.

ತೇವ ಬಂದದ್ದು ಗಾಳಿಯಿಂದಲೋ ಗೋಡೆಯೊಳಗಿನಿಂದಲೋ ಎಂಬ ಗೊಂದಲ ಉಳಿದರೆ, ಒಂದಡಿ ಅಗಲದ ಅಲ್ಯೂಮಿನಿಯಂ ಹಾಳೆಯನ್ನು ಒರೆಸಿ ಒಣಗಿಸಿದ ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಟೇಪ್ ಹಚ್ಚಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾದರೆ ಅದು ಕೋಣೆಯ ಗಾಳಿಯ ನೀರು. ಗೋಡೆಯ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯಿಂದ ಬರುತ್ತಿದೆ, ಆಗ ಮುಂದಿನ ಭಾಗಕ್ಕೆ ಹೋಗಿ.

ಲಕ್ಷಣ: ಒಂದೇ ಜಾಗದಲ್ಲಿ ಕಲೆ, ಬಣ್ಣ ಹೊಪ್ಪಳೆಯೆದ್ದು ಚಕ್ಕೆ ಬೀಳುತ್ತಿದೆ

ಸೋರಿಕೆಯ ಗುರುತು ಹರಡಿದ ಚುಕ್ಕೆಗಳಲ್ಲ, ಕಂದು ಅಂಚಿರುವ ಒಂದೇ ದೊಡ್ಡ ಕಲೆ. ಅದರ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ದಿನಾಂಕ ಬರೆದಿಡಿ. ಯಾವಾಗ ಕಲೆ ಗೆರೆ ದಾಟುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಮಳೆಯ ನಂತರ ಮಾತ್ರ ಬೆಳೆದರೆ ತಾರಸಿ, ಹೊರಗೋಡೆಯ ಬಿರುಕು, ಕಿಟಕಿಯ ಚೌಕಟ್ಟು ಅಥವಾ ಮಳೆನೀರಿನ ಕೊಳವೆಯನ್ನು ನೋಡಬೇಕು. ಮೇಲಿನ ಅಥವಾ ಪಕ್ಕದ ಸ್ನಾನದ ಮನೆ ಬಳಸಿದ ನಂತರ ಬೆಳೆದರೆ ತ್ಯಾಜ್ಯ ನೀರಿನ ಕೊಳವೆ ಅಥವಾ ಟೈಲ್ಸ್ ಸಂದುಗಳಲ್ಲಿ ದೋಷವಿದೆ. ಮಳೆಯಿರಲಿ ಬಿಸಿಲಿರಲಿ, ಯಾರೂ ನೀರು ಬಳಸದಿರಲಿ, ಸದಾ ಹಸಿಯಾಗಿಯೇ ಇದ್ದರೆ ಒತ್ತಡದಲ್ಲಿ ನೀರು ತುಂಬಿರುವ ನಲ್ಲಿಯ ಕೊಳವೆಯೇ ಒಡೆದಿರಬೇಕು.

ಕೊನೆಯದನ್ನು ಖಚಿತಪಡಿಸಿಕೊಳ್ಳಲು ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ ನೀರಿನ ಮೀಟರಿನ ಅಂಕಿ ಬರೆದಿಟ್ಟು, ಎರಡು ಗಂಟೆ ಯಾರೂ ನೀರು ಮುಟ್ಟದೆ ಮತ್ತೆ ನೋಡಿ. ಅಂಕಿ ಸರಿದಿದ್ದರೆ ಎಲ್ಲೋ ನೀರು ಹೋಗುತ್ತಿದೆ. ಮೀಟರ್ ಇಲ್ಲದ ಮನೆಯಲ್ಲಿ, ಒಳಬರುವ ನೀರನ್ನು ನಿಲ್ಲಿಸಿ ಮೇಲಿನ ತೊಟ್ಟಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ ಇದನ್ನೇ ಮಾಡಬಹುದು. ಸ್ನಾನದ ಮನೆಯ ನೆಲದ ಮೇಲೆ ಅನುಮಾನವಿದ್ದರೆ ಬಣ್ಣ ಕಲಸಿದ ನೀರನ್ನು ನಿಲ್ಲಿಸಿ ಕೆಳಗಿನ ಕಲೆಯಲ್ಲಿ ಆ ಬಣ್ಣ ಕಾಣುತ್ತದೆಯೇ ಎಂದು ಒಂದೆರಡು ದಿನ ನೋಡುವುದು ಹಳೆಯ, ಆದರೆ ನಂಬಬಹುದಾದ ಉಪಾಯ.

ನೀರು ಕಲೆಯ ನೇರ ಮೇಲಿನಿಂದಲೇ ಬರುತ್ತದೆ ಎಂದು ತಿಳಿಯಬೇಡಿ. ನಾನೇ ಎರಡು ತಿಂಗಳು ಒಂದು ಮಲಗುವ ಕೋಣೆಯ ಮೂಲೆಯನ್ನು ಒರೆಸುತ್ತ ಕಳೆದೆ. ನೀರು ಚಾವಣಿಯೊಳಗೆ ಕೊಳವೆಯನ್ನು ಹಿಡಿದು ಜಾರಿ ಏಳೆಂಟು ಅಡಿ ದೂರದ ಬಚ್ಚಲಿನಿಂದ ಬರುತ್ತಿತ್ತು.

ಒದ್ದೆ ಗೋಡೆಯಲ್ಲಿ ಸ್ವಿಚ್ಚು ಅಥವಾ ಪ್ಲಗ್ ಇದ್ದರೆ ಮುಟ್ಟಬೇಡಿ. ಮುಖ್ಯ ಸ್ವಿಚ್ ಆರಿಸಿ ವಿದ್ಯುತ್ ಕೆಲಸದವರನ್ನು ಕರೆಯಿರಿ. ಚಾವಣಿ ಜೋತುಬಿದ್ದಿದ್ದರೆ ಅದರ ಕೆಳಗೆ ಯಾರೂ ಮಲಗಬಾರದು. ಕೊಳಚೆ ನೀರು ನುಗ್ಗಿದ್ದರೆ ಸ್ವಂತ ಶುಚಿಕೆಲಸ ಬೇಡ.

ಲಕ್ಷಣ: ಗೋಡೆಯ ಬುಡದಿಂದ ಮೇಲಕ್ಕೆ ತೇವ ಏರುತ್ತಿದೆ

ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ, ಮೇಲಂಚಿನಲ್ಲಿ ಉಪ್ಪಿನ ಗೆರೆಯೊಂದಿಗೆ ತೇವ ಕಂಡರೆ ಮಣ್ಣಿನ ನೀರನ್ನು ಗೋಡೆ ಹೀರುತ್ತಿರಬಹುದು. ಮೊದಲು ಹೊರಗೆ ಹೋಗಿ, ಗೋಡೆಗೆ ತಾಗಿಕೊಂಡು ಮಣ್ಣು ರಾಶಿ ಬಿದ್ದಿದೆಯೇ, ನೀರು ನಿಲ್ಲುತ್ತದೆಯೇ, ಗಿಡಕ್ಕೆ ಹಾಕಿದ ನೀರು ಗೋಡೆಯತ್ತ ಹರಿಯುತ್ತದೆಯೇ ನೋಡಿ ಸರಿಪಡಿಸಿ. ಅದಾದ ಮೇಲೂ ಕಡಿಮೆಯಾಗದಿದ್ದರೆ ಅದು ಕಟ್ಟಡ ತಜ್ಞರ ಕೆಲಸ.

ಲಕ್ಷಣ: ಮುಗ್ಗಲು ವಾಸನೆಯಿದೆ, ಕಲೆ ಎಲ್ಲೂ ಇಲ್ಲ

ಮನೆಯಲ್ಲೇ ಇರುವವರ ಮೂಗು ಒಗ್ಗಿಹೋಗಿರುತ್ತದೆ. ಅರ್ಧ ದಿನ ಹೊರಗಿದ್ದು ಬಂದು, ಬಾಗಿಲು ತೆರೆದ ಮೊದಲ ನಿಮಿಷದಲ್ಲಿ ಕೋಣೆಯಿಂದ ಕೋಣೆಗೆ ಓಡಾಡಿ ಎಲ್ಲಿ ವಾಸನೆ ಗಾಢವಾಗಿದೆ ಎಂದು ಗುರುತಿಸಿ. ಆಮೇಲೆ ಸಿಂಕಿನ ಕೆಳಗಿನ ಕಪಾಟು, ಬೀರುವಿನ ಹಿಂದಿನ ಹಲಗೆ, ಹಾಸಿಗೆಯ ಅಡಿಭಾಗ, ಪರದೆಯ ಅಂಚು, ನೆಲಹಾಸಿನ ಕೆಳಗೆ, ಗೋಡೆಕಾಗದದ ಹಿಂದೆ ಹುಡುಕಿ. ಮಕ್ಕಳು ಸ್ನಾನದಲ್ಲಿ ಆಡುವ, ಒತ್ತಿದರೆ ನೀರು ಚಿಮ್ಮಿಸುವ ರಬ್ಬರ್ ಆಟಿಕೆಗಳನ್ನು ಒಮ್ಮೆ ಕತ್ತರಿಸಿ ನೋಡಿ. ಒಳಗಿನ ಕಪ್ಪು ಲೋಳೆ ಕಂಡ ಮೇಲೆ ಎಸೆಯಲು ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.

ಏಸಿ ಹಾಕಿದ ಮೊದಲ ಕೆಲವು ನಿಮಿಷ ಮಾತ್ರ ವಾಸನೆ ಬಂದು ಮಾಯವಾದರೆ ದೋಷ ಏಸಿಯಲ್ಲೇ ಇದೆ. ಜಾಲರಿ ತೆಗೆದು ತೊಳೆಯುವುದು ಮನೆಯವರ ಕೆಲಸ, ನೀರು ಹೋಗುವ ತಟ್ಟೆ ಮತ್ತು ಒಳಗಿನ ಬ್ಲೋವರ್ ಶುಚಿ ಮಾಡುವುದು ಮೆಕ್ಯಾನಿಕ್ ಕೆಲಸ. ಅದಾಗುವವರೆಗೆ ಮಗು ಮಲಗುವ ಕೋಣೆಯಲ್ಲಿ ಆ ಏಸಿ ಓಡಿಸದಿರುವುದು ಒಳಿತು.

ಶುಚಿ ಮಾಡುವ ಹಂತ, ಅದರ ಎಚ್ಚರಿಕೆಗಳು

ಒಟ್ಟು ಬೂಷ್ಟು ಹತ್ತು ಚದರ ಅಡಿಗಿಂತ, ಅಂದರೆ ಸುಮಾರು ಮೂರಡಿ ಉದ್ದ ಮೂರಡಿ ಅಗಲದಷ್ಟಕ್ಕಿಂತ, ಕಡಿಮೆಯಿದ್ದರೆ ಮನೆಯವರೇ ತೆಗೆಯಬಹುದು. ಅದನ್ನು ಮೀರಿದರೆ ತಿಳಿದವರಿಂದ ಮಾಡಿಸಿ. ಕೆಲಸದ ಹೊತ್ತಿನಲ್ಲಿ ಮಕ್ಕಳು ಮನೆಯಲ್ಲಿರಬಾರದು, ಆಸ್ತಮಾ ಇರುವ ಅಥವಾ ರೋಗನಿರೋಧಕ ಶಕ್ತಿ ಕುಂದಿದ ದೊಡ್ಡವರೂ ಕೈಹಾಕಬಾರದು. ಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಎನ್95 ಮುಖಗವಸು, ರಬ್ಬರ್ ಕೈಗವಸು, ರಂಧ್ರಗಳಿಲ್ಲದ ಕಣ್ಣುಕವಚ ಧರಿಸಿ. ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಬೇಡಿ, ಉಜ್ಜುಕಾಗದದಿಂದ ಉಜ್ಜಬೇಡಿ. ಕಣಗಳು ಮನೆತುಂಬ ಹಾರುತ್ತವೆ, ಹಳೆಯ ಬಣ್ಣದಲ್ಲಿ ಸೀಸವಿದ್ದರೆ ಅದರ ಧೂಳು ಮಕ್ಕಳಿಗೆ ಇನ್ನೊಂದು ವಿಷ. ಮೊದಲು ಒದ್ದೆ ಮಾಡಿ, ಸೋಪು ಬೆರೆಸಿದ ನೀರಿನಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ.

ಬ್ಲೀಚ್ ಬಳಸಲೇಬೇಕೆಂದಿಲ್ಲ. ಟೈಲ್ಸ್, ಗಾಜಿನಂಥ ನುಣುಪು ಮೇಲ್ಮೈಗಳಲ್ಲಿ ಅದು ಕೆಲಸಕ್ಕೆ ಬರುತ್ತದೆ; ಗಾರೆ, ಮರಗಳಂಥ ಹೀರುವ ವಸ್ತುಗಳಲ್ಲಿ ಮೇಲಿನ ಬಣ್ಣ ಹೋಗಿ ಒಳಗಿನ ಬೇರು ಉಳಿಯುತ್ತದೆ. ಸತ್ತ ಬೂಷ್ಟೂ ಅಲರ್ಜಿ ತರಬಲ್ಲದಾದ್ದರಿಂದ ಕೊಲ್ಲುವುದು ಸಾಲದು, ತೆಗೆಯಬೇಕು. ಬ್ಲೀಚನ್ನು ಅಮೋನಿಯಾ ಇರುವ ದ್ರವದೊಂದಿಗಾಗಲಿ, ವಿನೆಗರ್ ಅಥವಾ ಶೌಚಾಲಯ ತೊಳೆಯುವ ಆಮ್ಲದೊಂದಿಗಾಗಲಿ ಎಂದಿಗೂ ಬೆರೆಸಬೇಡಿ. ಮೊದಲನೆಯದರಲ್ಲಿ ಕ್ಲೋರಮೈನ್, ಎರಡನೆಯದರಲ್ಲಿ ಕ್ಲೋರಿನ್ ಅನಿಲ ಹೊರಡುತ್ತದೆ, ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಓಝೋನ್ ಬಿಡುವ ‘ಗಾಳಿ ಶುದ್ಧಿ’ ಯಂತ್ರಗಳೂ ಮಕ್ಕಳಿರುವ ಮನೆಗೆ ತರವಲ್ಲ. ಅತಿ ಸಣ್ಣ ಕಣಗಳನ್ನೂ ಸೋಸುವ ಹೆಪಾ ಜಾಲರಿಯ ಯಂತ್ರ ತೇಲುವ ಕಣಗಳನ್ನು ಹಿಡಿಯುತ್ತದೆ, ಗೋಡೆಯಲ್ಲಿ ಬೆಳೆಯುವುದನ್ನಲ್ಲ.

ಬೂಷ್ಟು ಹಿಡಿದ ಫೋಮ್ ಹಾಸಿಗೆ, ದಿಂಬು, ಜಿಪ್ಸಮ್ ಚಾವಣಿಯ ತುಂಡುಗಳನ್ನು ಉಳಿಸಿಕೊಳ್ಳುವ ಆಸೆ ಬಿಡಬೇಕು; ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಹೊರಹಾಕಿ. ಮಗುವಿನ ಬಟ್ಟೆಗೊಂಬೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿದ ಮೇಲೂ ವಾಸನೆ ಹೋಗದಿದ್ದರೆ ಅದನ್ನೂ. ಮುಂದೆ ಏನಾದರೂ ನೆನೆದರೆ 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬಹುತೇಕ ಬೂಷ್ಟು ಹುಟ್ಟುವುದಿಲ್ಲ.

ಲಕ್ಷಣ: ಬಣ್ಣ ಬಳಿದರೂ ಕೆಲವೇ ವಾರಗಳಲ್ಲಿ ಮತ್ತೆ ಬಂತು

ಇದರ ಅರ್ಥ ಒಂದೇ, ನೀರು ಬರುವುದು ನಿಂತಿಲ್ಲ. ಬೂಷ್ಟಿನ ಮೇಲೆ ಬಳಿದ ಬಣ್ಣ ಬೂಷ್ಟಿಗೆ ಹೊದಿಕೆಯಾಗುತ್ತದೆಯೇ ಹೊರತು ಔಷಧವಾಗುವುದಿಲ್ಲ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 2017ರಲ್ಲೇ ಬೂಷ್ಟಿನ ದೂರು ಕೊಟ್ಟ ಬಾಡಿಗೆದಾರನಿಗೆ ಅದರ ಮೇಲೆ ಬಣ್ಣ ಬಳಿಯಿರಿ ಎಂಬ ಉತ್ತರ ಬಂದಿತ್ತು. ಆ ಮನೆಯಲ್ಲಿ ಬೆಳೆದ ಅವರ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು, ದೀರ್ಘಕಾಲ ಬೂಷ್ಟಿಗೆ ಒಡ್ಡಿಕೊಂಡದ್ದರಿಂದ ಉಂಟಾದ ಶ್ವಾಸಕೋಶದ ತೊಂದರೆಯೇ ಕಾರಣವೆಂದು 2022ರ ನವೆಂಬರಿನಲ್ಲಿ ಅಲ್ಲಿನ ಮರಣ ವಿಚಾರಣಾಧಿಕಾರಿ ತೀರ್ಪಿತ್ತರು. ಆ ಮಗುವಿನ ಹೆಸರಿನಲ್ಲೇ ಇಂದು ಅಲ್ಲಿ ‘ಅವಾಬ್ ಕಾಯ್ದೆ’ ಎಂಬ ನಿಯಮವಿದೆ. ಇಂಥ ಸಾವು ಅಪರೂಪ, ಪ್ರತಿ ಕಲೆಗೂ ಅದನ್ನು ನೆನೆದು ಹೆದರಬೇಕಿಲ್ಲ. ಆದರೆ ಬಾಡಿಗೆ ಮನೆಯಲ್ಲಿರುವವರು ದೂರನ್ನು ಬಾಯಿಮಾತಿನಲ್ಲಿ ಮುಗಿಸದೆ, ದಿನಾಂಕವಿರುವ ಚಿತ್ರಗಳೊಂದಿಗೆ ಬರಹದಲ್ಲಿ ಕೊಟ್ಟು ಪ್ರತಿ ಇಟ್ಟುಕೊಳ್ಳುವುದು ಅಗತ್ಯ.

ಲಕ್ಷಣ: ಗೋಡೆ ಒಣಗಿತು, ಮಗುವಿನ ಕೆಮ್ಮು ಹೋಗಲಿಲ್ಲ

ಕೆರಳಿದ ಶ್ವಾಸನಾಳ ತಣಿಯಲು ಕೆಲವು ವಾರ ಹಿಡಿಯಬಹುದು. ನಾಲ್ಕು ವಾರ ದಾಟಿದ ಕೆಮ್ಮನ್ನು, ಗೋಡೆ ಹೇಗೇ ಇರಲಿ, ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಸಿಳ್ಳು ಸದ್ದು ಕೇಳಿದರೆ ಅಷ್ಟು ದಿನವೂ ಕಾಯಬೇಡಿ. ಒದ್ದೆ ಜಾಗಕ್ಕೆ ಹೋಗಿಬಂದ ಕೆಲವು ಗಂಟೆಗಳಲ್ಲಿ ಜ್ವರ, ಚಳಿ, ಉಸಿರುಗಟ್ಟುವಿಕೆ ಮತ್ತೆ ಮತ್ತೆ ಬರುತ್ತಿದ್ದರೆ ಅದನ್ನು ಪ್ರತ್ಯೇಕವಾಗಿ ಹೇಳಿ, ಏಕೆಂದರೆ ಅಪರೂಪವಾದರೂ ಶ್ವಾಸಕೋಶದ ಒಳಪದರವೇ ಬೂಷ್ಟಿಗೆ ಕೆರಳುವ ಕಾಯಿಲೆಯೊಂದಿದೆ.

ಬೂಷ್ಟಿನ ಅಲರ್ಜಿ ಇದೆಯೇ ಎಂದು ತಿಳಿಯಲು ಚರ್ಮದ ಚುಚ್ಚು ಪರೀಕ್ಷೆ ಅಥವಾ ರಕ್ತದಲ್ಲಿ ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ಪರೀಕ್ಷೆ ಉಂಟು. ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ. ಮೂತ್ರದಲ್ಲಿ ‘ಬೂಷ್ಟಿನ ವಿಷ’ ಹುಡುಕಿಕೊಡುತ್ತೇವೆ ಎನ್ನುವ ಪರೀಕ್ಷೆಗಳು ರೋಗನಿರ್ಣಯಕ್ಕೆ ಆಧಾರವಾಗಲಾರವು, ಅವುಗಳನ್ನು ನಂಬಿ ಮಗುವಿಗೆ ‘ವಿಷ ಇಳಿಸುವ’ ಔಷಧ ಕೊಡುವುದು ಅಪಾಯ. ಹಳೆಯ ಚೀಟಿ ತೋರಿಸಿ ಆಂಟಿಬಯಾಟಿಕ್ ತರುವುದೂ ಬೇಡ. ಅಲರ್ಜಿಯ ಮೇಲೆ ಅದು ಕೆಲಸ ಮಾಡದು. ಈಗಾಗಲೇ ಇನ್‌ಹೇಲರ್ ಬಳಸುತ್ತಿರುವ ಮಗುವಿಗೆ, ಗೋಡೆ ಸರಿಹೋಯಿತೆಂದು ಮನೆಯವರೇ ಅದನ್ನು ನಿಲ್ಲಿಸಬಾರದು. ವೈದ್ಯರ ಬಳಿ ಹೋಗುವಾಗ ಆ ಎರಡು ವಾರದ ನೋಟುಪುಸ್ತಕವನ್ನೂ, ತೇವಾಂಶ ಮಾಪಕದ ಅಂಕಿಗಳನ್ನೂ, ಮಗು ಮಲಗುವ ಜಾಗದ ಒಂದೆರಡು ಚಿತ್ರಗಳನ್ನೂ ಜೊತೆಗೆ ಒಯ್ಯಿರಿ.